ಬಾಯಾರ ಗಾಡಿ ನಿಂತಿತ್ತು, ನಾ ಕಾಕಾನ ಕೈ ಮೂಸಿದೆ

ನಿಮ್ಮ ಗಾಡಿ ಯಾವತ್ತರ ಹಿಂಗ ಮಾಡೇತೇನ್ರಿ? ಚಂದಾಗಿ ಓಡಾಕತ್ತಿರತೈತಿ, ಸಪ್ಪಳಿಲ್ಲ ಗಿಪ್ಪಳಿಲ್ಲ, ನಟ್ಟನಡು ರಸ್ತಾದಾಗ ಎರಡು ಸಲ ಬಿಕ್ಕಳಿಸಿ ಗಪ್ಪ ನಿಂತುಬಿಡತೈತಿ. ಬಾನೆಟ್ ತೆಗದು ನೋಡ್ತೀರಿ, ಏನೂ ಆಗಿರಾಂಗಿಲ್ಲ. ಬೈತೀರಿ, ಟೈರಿಗೆ ಒದೀತೀರಿ. ಅರ್ಧಾ ತಾಸು ಬಿಟ್ಟು ಹಚ್ಚಿದ್ರ ತನಗೇನೂ ಗೊತ್ತ ಇಲ್ಲ ಅನ್ನೂವಂಗ ಚಾಲೂ ಆಗತೈತಿ. ಆಗಿದ್ರ ಕೈ ಎತ್ರಿ. ಇನ್ನೊಂದು ಕೇಳ್ತೀನಿ, ಇದಕ್ಕ ಯಾರೂ ಕೈ ಎತ್ತಾಂಗಿಲ್ಲ ಅಂತ ಗೊತ್ತೈತಿ. ನಿಮಗ ಏನಾಗೇತಿ ಅಂತ ತಿಳೀಲಾರದಾಗ, ಮಂದಿ ಮುಂದ ಮಾನಾ ಉಳಿಸ್ಕೊಳ್ಳಾಕ, ಬಾಜೂಕ ನಿಂತವನ ಮ್ಯಾಲ ತಪ್ಪು ಹೊರಿಸೀರೇನು?

ನಾ ಹೊರಿಸೀನಿ. ಅದನ್ನ ಹೇಳಾಕ ಇವತ್ತ ಕುಂತೀನಿ.

ಎಪ್ಪತ್ತರ ದಶಕದ ಮಾತು. ಆಗ ವಿಜಯಪುರಕ್ಕ ಬಿಜಾಪುರ ಅಂತಿದ್ವಿ. ಸ್ಟೇಶನ್ ರಸ್ತಾದ ಕಡೆ ಒಂದು ಗ್ಯಾರೇಜಿನ್ಯಾಗ ನಾ ಮಿಸ್ತ್ರಿ. ಉಸ್ತಾದ ಇಲ್ಲದಾಗೂ ಇಂಜಿನ್ ಬಿಚ್ಚಿ ಜೋಡಿಸೂವಷ್ಟು ಕೈ ಕುದುರಿತ್ತು. ವಯಸ್ಸು ಇಪ್ಪತ್ತಾರು, ಸೊಕ್ಕು ಅದಕ್ಕ ತಕ್ಕಂಗ.

ನಮ್ಮಲ್ಲೆ ಒಬ್ರು ಲೇಡಿ ಡಾಕ್ಟರದ ಗಾಡಿ ರಿಪೇರಿಗೆ ಬರ್ತಿತ್ತು. ಡಾಕ್ಟರ್ ಬಾಯಾರು ಅಂತ ಊರೆಲ್ಲಾ ಕರೀತಿತ್ತು. ಊರಾಗ ಅವರದು ದವಾಖಾನಿ. ಅದಲ್ದ ವಾರದಾಗ ಒಂದಿನ ತಿಕೋಟಾಕ್ಕ, ಒಂದಿನ ಬಬಲೇಶ್ವರ ಸಂತಿಗೆ ಹೋಗಿ ಬಾಣಂತ್ಯಾರನ್ನ, ಕೂಸುಗಳನ್ನ ನೋಡಿ ಬರ್ತಿದ್ರು. ಹಳೇ ಅಂಬಾಸಿಡರ್ ಗಾಡಿ. ಪೆಟ್ರೋಲ್ ತೋರ್ಸೋ ಮುಳ್ಳು ಕೆಟ್ಟು ಎಷ್ಟೋ ವರ್ಷ ಆಗಿತ್ತು. ಟಾಕಿ ಮುಚ್ಚಳಾ ತೆಗದು, ತೊಗರಿ ಕಟ್ಟಗಿ ಇಳಿಬಿಟ್ಟು, ಎಲ್ಲೀತನಕ ಹಸಿ ಆಗೇತಿ ಅಂತ ನೋಡಬೇಕು. ಗಾಡಿ ನಡಸಾಂವ ಐವತ್ತು ದಾಟಿದ ಡ್ರೈವರ್, ಬಬಲೇಶ್ವರದಾಂವ. ನಾ ಅವಗ ಕಾಕಾ ಅಂತಿದ್ದೆ. ಅಂವ ನನಗ ತಮ್ಮಾ ಅಂತಿದ್ದ.

ಆ ವರ್ಷ ದಸರಾ ಮುಗಿದು ಮೂರು ದಿನ ಆಗಿತ್ತು. ಬಾಯಾರು ತಿಕೋಟಾಕ್ಕ ಹೊಂಟಾಗ ತೊರವಿ ದಾಟಿ ಸ್ವಲ್ಪ ದೂರದಾಗ ಗಾಡಿ ನಿಂತ್ತು. ಒಬ್ಬ ಸೈಕಲ್ಲಿನಾಂವ ಬಂದು ಸುದ್ದಿ ಹೇಳಿದ. ನಾ ಹತಾರದ ಚೀಲಾ ಹಿಡಕೊಂಡು ಬಸ್ ಹತ್ತಿ ಹೋದೆ. ಕಾಕಾ ಬಾನೆಟ್ ಎತ್ತಿ ನಿಂತಿದ್ದ, ಬಾನೆಟ್ ಮ್ಯಾಲಿನ ಚೆಂಡುಹೂವಿನ ಮಾಲಿ ಬಾಡಿ ಜೋತಾಡಾಕತ್ತಿತ್ತು.

ಮೊದಲ ಕರೆಂಟ್ ನೋಡಿದೆ. ಒಂದು ಪ್ಲಗ್ಗಿನ ವೈರ್ ಕಿತ್ತು ಇಂಜಿನ್ನಿಗೆ ಹತ್ತರ ಹಿಡದೆ, ಕಾಕಾ ಮುಂದ ಇಂಜಿನ್ ತಿರುಗಸೋ ಕಬ್ಬಿಣದ ಹ್ಯಾಂಡಲ್ ಹಾಕಿ ಹೊಡದ. ಕಿಡಿ ನೀಲಿ ಬಿತ್ತು, ಚಟ್ ಚಟ್ ಅಂತ. ಅಂದ್ರ ಬ್ಯಾಟ್ರಿ, ಕಾಯಿಲ್, ಪಾಯಿಂಟ್ ಎಲ್ಲಾ ಬರೊಬ್ಬರಿ. ಇನ್ನ ಉಳದದ್ದು ಪೆಟ್ರೋಲ್. ಕಾರ್ಬುರೇಟರಿಗೆ ಬರೋ ಪೈಪ್ ಬಿಚ್ಚಿ ಹ್ಯಾಂಡಲ್ ಹೊಡಿಸಿದೆ. ಒಂದು ಹನಿ ಬರಲಿಲ್ಲ. ಟಾಕ್ಯಾಗ ಪೆಟ್ರೋಲ್ ಐತೋ ಇಲ್ಲೋ ಅಂತ ಹಿಂದ ಹೋಗಿ ಮುಚ್ಚಳಾ ತಿರುವಿದೆ. ಸೊಂಯ್ ಅಂತು. ಕಟ್ಟಗಿ ಇಳಿಬಿಟ್ಟೆ, ಅರ್ಧಕ್ಕಿಂತ ಮ್ಯಾಲ ಹಸಿ. ಮುಚ್ಚಳಾ ಹಾಕಿ ಮುಂದ ಬಂದು, ಪೈಪಿಗೆ ಬಾಯಿ ಹಚ್ಚಿ ಊದಿ, ಪೆಟ್ರೋಲ್ ಸೋಸೋ ಜಾಳಗಿ ತೊಳದು, ಎಲ್ಲಾ ಜೋಡಿಸಿ ಹ್ಯಾಂಡಲ್ ಹೊಡದ್ರ, ನಾಕನೇ ಸಲಕ್ಕ ಗಾಡಿ ಚಾಲೂ.

"ಜಾಳಗ್ಯಾಗ ಕಸಾ ಕುಂತಿತ್ರಿ ಬಾಯಾರ," ಅಂದೆ.

ಖರೇ ಹೇಳ್ತೀನಿ, ಜಾಳಗ್ಯಾಗ ಕಸಾ ಇರಲೇ ಇಲ್ಲ. ಸ್ವಲ್ಪ ಮಣ್ಣು ಇತ್ತು, ಅಷ್ಟು ಎಲ್ಲಾ ಗಾಡ್ಯಾಗೂ ಇರತೈತಿ. ಚಾಲೂ ಆತಲ್ಲ, ಆ ಖುಷಿಯೊಳಗ ಬಾಯಿಗೆ ಬಂದದ್ದು ಹೇಳಿದೆ.

ಬಬಲೇಶ್ವರ ಸಂತಿ ದಿನ ಮತ್ತ ನಿಂತ್ತು. ಈ ಸಲ ಬಾಯಾರು ಮೊದಲ ನನ್ನ ಜೋಡಿಗೆ ಕರಕೊಂಡು ಹೋಗಿದ್ರು. ಮಧ್ಯಾಹ್ನದ ಬಿಸಲು. ಬಿಸಲಿಗೆ ಪೈಪಿನ್ಯಾಗ ಪೆಟ್ರೋಲ್ ಆವಿ ಆಗಿ ಕಟ್ಟಿರಬೇಕು ಅಂತ ಮನಸಿನ್ಯಾಗ ಪಕ್ಕಾ ಮಾಡ್ಕೊಂಡೆ. ರೂಢಿ ಪ್ರಕಾರ ಹಿಂದ ಹೋಗಿ ಕಟ್ಟಗಿ ಇಳಿಬಿಟ್ಟು ನೋಡಿದೆ, ಪೆಟ್ರೋಲ್ ಐತಿ. ಆಮ್ಯಾಲ ಗೋಣಿತಟ್ಟು ನೀರಾಗ ಅದ್ದಿ ಪೆಟ್ರೋಲ್ ಜಗ್ಗೋ ಪಂಪಿಗೆ ಸುತ್ತಿದೆ. ಹತ್ತು ಮಿನಿಟು ಬಿಟ್ಟು ಹ್ಯಾಂಡಲ್ ಹೊಡದ್ರ ಚಾಲೂ.

ನಾ ಹಸೀ ಗೋಣಿತಟ್ಟು ಹಿಂಡಾಕತ್ತಿದ್ದೆ. ಕಾಕಾ ಹತ್ತರ ಬಂದು ಸಣ್ಣ ದನಿಲೆ ಹೇಳಿದ:

"ತಮ್ಮಾ, ಒಂದು ಮಾತು ಹೇಳ್ಲೇನು? ಅವತ್ತೂ ನೀ ಕಟ್ಟಗಿ ಹಾಕಿ ನೋಡಿದ ಮ್ಯಾಲೇ ಚಾಲೂ ಆತು. ಇವತ್ತೂ ಹಂಗ ಆತು."

"ಅಂದ್ರ?"

"ಅಂದ್ರ ಏನಂತ ನನಗೇನು ಗೊತ್ತು? ಕಂಡದ್ದು ಹೇಳಿದೆ."

"ಕಾಕಾ, ನೀ ಸ್ಟೇರಿಂಗ್ ಹಿಡಿ. ಇಂಜಿನ್ ನನಗ ಬಿಡು. ಕಟ್ಟಗಿಲೆ ತಿವದ್ರ ಎದ್ದು ಹೊಂಡಾಕ ಇದೇನು ಎಮ್ಮಿ ಅಂತ ತಿಳದೀಯೇನು?"

ಬಾಯಾರೂ ನಕ್ಕರು. ಕಾಕಾನೂ ನಕ್ಕ. ನನಗ ನನ್ನ ಮಾತ ಭಾಳ ಚಲೋ ಅನಿಸ್ತು.

ಗ್ಯಾರೇಜಿಗೆ ಬಂದು ಉಸ್ತಾದಗ ಹೇಳಿ ಪಂಪ್ ಬಿಚ್ಚಿದೆ. ಒಳಗಿನ ಪರದೆ ಹೊಸಾದು ಹಾಕಿದೆ. ಪೈಪ್ ಪೂರಾ ಬದಲಿ ಮಾಡಿದೆ. ಕಾರ್ಬುರೇಟರ್ ಬಿಚ್ಚಿ ಒಂದೊಂದು ತೂತಿಗೂ ಗಾಳಿ ಹೊಡದೆ. ಬಾಯಾರಿಗೆ, "ಇನ್ನ ನಿಂತ್ರ ನನ್ನ ಹೆಸರು ಬದಲಿ ಮಾಡ್ರಿ," ಅಂತ ದೊಡ್ಡ ಮಾತಾಡಿ ಬಂದೆ.

ಮುಂದಿನ ವಾರ ತಿಕೋಟಾ ಬಸ್ ಸ್ಟ್ಯಾಂಡಿನ ಮುಂದ, ಸರಿಯಾಗಿ ಮಂದಿ ತುಂಬಿದಲ್ಲೆ, ನಾನೂ ಒಳಗ ಕುಂತಿದ್ದ ಗಾಡಿ ಎರಡು ಸಲ ಬಿಕ್ಕಳಿಸಿ ನಿಂತ್ತು.

ಮಂದಿಗೆ ಏನು ಬೇಕು? ಸುತ್ತುಗಟ್ಟಿದ್ರು. ಚಾದ ಅಂಗಡ್ಯಾಂವ ಬಸಿ ಹಿಡಕೊಂಡ ಬಂದ. "ಏನ್ ಮಿಸ್ತ್ರೀ, ಗಾಡಿಗೆ ಮೇವು ಹಾಕಿಲ್ಲೇನು?" ಅಂದ ಒಬ್ಬ. "ಎತ್ತು ಬೇಕಾ ಬಾಯಾರ, ನಮ್ಮವು ಖಾಲಿ ಅದಾವು," ಅಂದ ಇನ್ನೊಬ್ಬ. ಆ ಕಡೆ ಕಟ್ಟಿ ಮ್ಯಾಲ ಕೂಸು ಎತ್ಕೊಂಡ ಹೆಣ್ಣಮಕ್ಕಳು ಬಾಯಾರ ದಾರಿ ಕಾಯಾಕತ್ತಿದ್ರು. ಬಾಯಾರು ಕಾರಿನಿಂದ ಇಳದು ನನ್ನ ಮುಖಾ ನೋಡಿದ್ರು.

"ಖರೇ ಹೇಳು, ನಿನಗ ತಿಳದೈತೋ ಇಲ್ಲೋ? ತಿಳೀಲಿಲ್ಲಂದ್ರ ಇಲ್ಲ ಅನ್ನು. ಗಾಡಿ ಸೊಲ್ಲಾಪುರದ ಗ್ಯಾರೇಜಿಗೆ ಕಳಸ್ತೀನಿ."

"ಇಲ್ಲ" ಅನ್ನೂದು ಎರಡಕ್ಷರ. ನನ್ನ ಬಾಯಿಂದ ಬರಲಿಲ್ಲ.

ಹಿಂದ ಹೋಗಿ ಮುಚ್ಚಳಾ ತಿರುವಿದೆ. ಸೊಂಯ್ ಅಂತು, ಈ ಸಲ ಜೋರಾಗಿ. ಮಂದಿನೂ ಕೇಳಿದ್ರು. ಆ ಸಪ್ಪಳಾ ಕೇಳಿದ ಕೂಡಲೇ ನನ್ನ ತಲ್ಯಾಗ ಒಂದು ಸುಳ್ಳು ಹುಟ್ಟಿತು.

"ಬಾಯಾರ, ಇದು ಗ್ಯಾಸ್ ರಿ. ಪೆಟ್ರೋಲ್‌ದಾಗ ಚಿಮಣಿ ಎಣ್ಣಿ ಕಲಿಸಿದ್ರ ಹಿಂಗ ಗ್ಯಾಸ್ ಹಿಡೀತೈತಿ."

ಚಿಮಣಿ ಎಣ್ಣಿ ಅಂದ್ರ ಸೀಮೆಎಣ್ಣಿ. ಹಂಗ ಗ್ಯಾಸ್ ಹಿಡಿಯೂದು ಗಿಡಿಯೂದು ಏನೂ ಇಲ್ಲ, ನಾನ ಹುಟ್ಟಿಸಿದ್ದು. ಕಲಬೆರಕಿ ಐತೋ ಇಲ್ಲೋ ನೋಡೂದು ಭಾಳ ಸರಳ. ಬಿಳೀ ಹಾಳಿ ಮ್ಯಾಲ ಒಂದು ಹನಿ ಬಿಡ್ರಿ. ಬರೇ ಪೆಟ್ರೋಲ್ ಇದ್ರ ಆರಿ ಹೋಗತೈತಿ, ಚಿಮಣಿ ಎಣ್ಣಿ ಇದ್ರ ಜಿಡ್ಡಿನ ಕಲೆ ಉಳೀತೈತಿ. ಬಾಯಾರ ಚೀಲದಾಗ ಔಷಧ ಬರಿಯೋ ಹಾಳಿ ಇದ್ದ ಇತ್ತು. ನಾ ಕೇಳಲಿಲ್ಲ. ಕೇಳಿದ್ರ ಉತ್ತರ ಬರ್ತಿತ್ತಲ್ಲ.

"ಯಾರು ಕಲಿಸ್ತಾರ?" ಅಂದ್ರು ಬಾಯಾರು.

ನಾ ಹೆಸರು ಹೇಳಲಿಲ್ಲ. ಅದಕ್ಕಿಂತ ಹೊಲಸು ಕೆಲಸಾ ಮಾಡಿದೆ. ಕಾಕಾನ ಬಲಗೈ ಹಿಡದು ಎತ್ತಿ, ಅಷ್ಟೂ ಮಂದಿ ನೋಡಾಕತ್ತಾಗ, ಮೂಗಿಗೆ ಹಚ್ಚಿ ಮೂಸಿದೆ.

ವಾಸನಿ ಬಂತು. ಬರದ ಏನ್ಮಾಡತೈತಿ? ಆಗಿನ ಕಾಲಕ್ಕ ಚಿಮಣಿ, ಕಂದೀಲು, ಸ್ಟೋ ಇಲ್ಲದ ಮನಿ ಯಾವುದಿತ್ತು? ನನ್ನ ಕೈ ಮೂಸಿದ್ರ ನನ್ನದೂ ಬರ್ತಿತ್ತು.

"ಮುಂಜಾನೆ ಸ್ಟೋಕ್ಕ ಎಣ್ಣಿ ಹಾಕೀನೋ ತಮ್ಮಾ," ಅಂದ ಕಾಕಾ. ಕೈ ಜಗ್ಗಿಕೊಳ್ಳಲಿಲ್ಲ. ನಾ ಬಿಡೂತನಕ ಹಂಗ ಹಿಡಕೊಂಡ ನಿಂತ.

ಮಂದಿ ಉಳದದ್ದು ತಾವ ತುಂಬಿಕೊಂಡ್ರು. ಪೆಟ್ರೋಲ್ ಕದ್ದು ಮಾರ್ಯಾನ, ಅದರ ಬದಲಿ ಚಿಮಣಿ ಎಣ್ಣಿ ಹಾಕ್ಯಾನ. "ಏ ಚಿಮಣಿ ಕಾಕಾ!" ಅಂತ ಹಿಂದಿಂದ ಯಾವನೋ ಒದರಿದ, ಎಲ್ಲಾರೂ ಹೋ ಅಂತ ನಕ್ಕರು. ಆ ನಗಿ ಇನ್ನೂ ಮುಗಿದಿರಲಿಲ್ಲ, ಹ್ಯಾಂಡಲ್ ಹೊಡದ್ರ ಗಾಡಿ ಚಾಲೂ ಆತು.

ಬಾಯಾರು ಊರಿಗೆ ಬಂದ ಮ್ಯಾಲ ಕಾಕಾನ ಕಡಿಂದ ಚಾವಿ ತಗೊಂಡ್ರು. ಬೈಲಿಲ್ಲ. "ಸ್ವಲ್ಪ ದಿನ ಊರಾಗ ಇರ್ರಿ ಕಾಕಾ," ಅಂದ್ರು. ಕಾಕಾ ನನ್ನ ಕಡೆ ನೋಡಿದ, ಏನರ ಹೇಳ್ತೀನೇನೋ ಅಂತ. ನಾ ನಟ್ಟು ಬಿಗಿ ಮಾಡೂವಂಗ ಮಾಡಿ ಬಗ್ಗಿದೆ. ಬಿಗಿ ಮಾಡಾಕ ಅಲ್ಲಿ ನಟ್ಟ ಇರಲಿಲ್ಲ.

ಹೊಸಾ ಡ್ರೈವರ್ ಸಿಗೂತನಕ ಗಾಡಿ ನೀನ ನಡಸು ಅಂದ್ರು ಬಾಯಾರು. ನಾ ಟಾಕಿ ಇಳಿಸಿ, ಇದ್ದಬದ್ದ ಪೆಟ್ರೋಲ್ ತೆಗದು, ಒಳಗ ತೊಳದು, ಬಿಸಲಿಗೆ ಒಣಗಿಸಿ, ಹೊಸಾ ಪೆಟ್ರೋಲ್ ತುಂಬಿದೆ. ತೆಗದ ಪೆಟ್ರೋಲ್ ಗ್ಯಾರೇಜಿನ್ಯಾಗ ಹತಾರ ತೊಳ್ಯಾಕ ಇಟ್ಕೊಂಡ್ವಿ. ಅದರಾಗ ತೊಳದ ಹತಾರ ಆರಿದ ಮ್ಯಾಲ ಜಿಡ್ಡ ಇರಲಿಲ್ಲ. ಕಣ್ಣಿಗೆ ಕಂಡಿತ್ತು. ನೋಡಲಿಲ್ಲ ಅಂತ ನನಗ ನಾನ ಹೇಳ್ಕೊಂಡೆ.

ಮುಂದಿನ ಬಬಲೇಶ್ವರ ಸಂತಿ ದಿನ ಬಾಯಾರು ಮೊದಲ ತಿಕೋಟಾದಾಗ ಒಬ್ಬಾಕಿ ಬಾಣಂತೀನ ನೋಡಿ, ಅಲ್ಲಿಂದ ಬಬಲೇಶ್ವರಕ್ಕ ಹೊಂಟ್ರು. ಎರಡೂ ಕಡೆ ಜ್ವಾಳದ ಹೊಲಾ, ನಡುವ ರಸ್ತಾ. ನಾ ಸ್ಟೇರಿಂಗ್ ಹಿಡದಿದ್ದೆ. ಬಿಕ್, ಬಿಕ್. ನಿಂತ್ತು.

ತೊಳದ ಟಾಕಿ. ಹೊಸಾ ಪೆಟ್ರೋಲ್. ಹೊಸಾ ಪೈಪ್. ಹೊಸಾ ಪರದೆ. ಕಾಕಾನೂ ಇಲ್ಲ.

ಇನ್ನ ಯಾರ ಕೈ ಮೂಸಲಿ?

ಕುಂತಲ್ಲೇ ಕುಂತೆ. ಅವಾಗ ಕಾಕಾನ ಮಾತು ನೆನಪಾತು, ಕಟ್ಟಗಿ ಹಾಕಿ ನೋಡಿದ ಮ್ಯಾಲೇ ಚಾಲೂ ಆಗತೈತಿ ಅಂದಿದ್ನಲ್ಲ, ಅದು. ಬಾನೆಟ್ ಎತ್ತಲಿಲ್ಲ. ಒಂದು ವೈರೂ ಮುಟ್ಟಲಿಲ್ಲ. ಹಿಂದ ಹೋಗಿ ಮುಚ್ಚಳಾ ಅಷ್ಟ ತಿರುವಿದೆ, ಈ ಸಲ ಬೆರಳು ಸಂದಿಗೆ ಹಿಡದು. ಸೊಂಯ್ ಅಂತು. ಗಾಳಿ ಹೊರಗ ಬರಲಿಲ್ರಿ. ನನ್ನ ಬೆರಳಿನ ಬಾಜೂಕಿಂದ ಒಳಗ ಹೋತು.

ಹ್ಯಾಂಡಲ್ ಹೊಡದೆ, ಚಾಲೂ ಆತು.

ಗಾಡಿ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಟಾಕ್ಯಾಗಿಂದ ಪೆಟ್ರೋಲ್ ಹೋದಂಗ ಆ ಜಾಗಾಕ್ಕ ಗಾಳಿ ಬರಬೇಕು. ಅದಕ್ಕಂತ ಆ ಗಾಡಿ ಮುಚ್ಚಳದಾಗ ಸೂಜಿ ಹೋಗೂವಷ್ಟು ಒಂದು ತೂತು ಇರತಿತ್ತು. ಅದು ಮುಚ್ಚಿದ್ರ ಟಾಕಿ ಉಸರಗಟ್ಟತೈತಿ. ಪಂಪ್ ಎಷ್ಟ ಜಗ್ಗಿದ್ರೂ ಪೆಟ್ರೋಲ್ ಬರಾಂಗಿಲ್ಲ. ಮುಚ್ಚಳಾ ಬಿಚ್ಚಿದ್ರ ಗಾಳಿ ನುಗ್ಗತೈತಿ, ಗಾಡಿ ಮತ್ತ ಹತ್ತಿಪ್ಪತ್ತು ಮೈಲಿ ಓಡತೈತಿ.

ಮುಚ್ಚಳಾ ಕೈಯಾಗ ಹಿಡದು ನೋಡಿದೆ. ಮ್ಯಾಲ ಧೂಳು. ಧೂಳು ಉಜ್ಜಿದ್ರ ಕೆಳಗ ಬೆಳ್ಳಗ ಮೂರು ಗೆರಿ, ಕಲ್ಲಿನಂಗ ಗಟ್ಟಿ.

ವಿಭೂತಿ.

ಇದನ್ನ ಮೊದಲ ಹೇಳಬೇಕಿತ್ತು ನಿಮಗ. ಆದ್ರ ನನಗ ನೆನಪಾದದ್ದ ಆ ರಸ್ತಾದಾಗ. ಖಂಡೇಪೂಜಿ, ಅಂದ್ರ ಆಯುಧಪೂಜಿ ದಿನ ಆ ಗಾಡಿ ನಮ್ಮ ಗ್ಯಾರೇಜಿನ್ಯಾಗ ಇತ್ತು, ಅದರ ಪೂಜಿ ಮಾಡಿದಾಂವ ನಾನ. ವಿಭೂತಿ ನೀರಾಗ ಕಲಿಸಿ ಹಚ್ಚಿದ್ರ ಊರ ದಾಟೂದ್ರಾಗ ಗಾಳಿಗೆ ಹಾರಿಹೋಗತೈತಿ. ನಾ ಶಾಣ್ಯಾ ಅಲ್ರಿ? ಲಕೋಟಿಗೆ ಹಚ್ಚೋ ಅಂಟು ತಂದು ಅದರಾಗ ವಿಭೂತಿ ಕಲಿಸಿದೆ, ಬರೂ ದಸರಾತನಕ ಅಳಸಬಾರದು ಅಂತ. ಹೆಡ್‌ಲೈಟು ಕಣ್ಣು, ಬಾನೆಟ್ಟು ಹಣಿ, ಗಾಲಿ ಕಾಲು ಅಂತ ಎಲ್ಲಾ ಕಡೆ ಬಳದೆ. ಹಿಂದ ಬಂದು, "ಉಣ್ಣೋ ಬಾಯಿ ಬಿಟ್ರ ಹೆಂಗ?" ಅಂತ ಪೆಟ್ರೋಲ್ ಮುಚ್ಚಳಕ್ಕ ಮೂರು ಬೆರಳು ಎಳದೆ. ನಡುವಿನ ಬೆರಳು ಸೀದಾ ಆ ತೂತಿನ ಮ್ಯಾಲ.

ಮುಚ್ಚಳಕ್ಕ ಬಾಯಿ ಹಚ್ಚಿ ಊದಿದೆ, ಗಾಳಿ ಆಡಲಿಲ್ಲ. ಬಾಯಾರ ಕಡೆ ಒಂದು ಪಿನ್ನು ಕೇಳಿ ತಗೊಂಡು ತೂತು ಚುಚ್ಚಿದೆ, ಊದಿದೆ, ಗಾಳಿ ಹೋತು.

"ಏನಾಗಿತ್ತು?" ಅಂದ್ರು ಬಾಯಾರು.

"ಸ್ವಲ್ಪ ಕಸಾ ರಿ ಬಾಯಾರ."

ನೋಡ್ರಿ, ಅಷ್ಟಾದ ಮ್ಯಾಲೂ.

ಬಬಲೇಶ್ವರದಾಗ ಬಾಯಾರು ಪೇಶಂಟ್ ನೋಡಾಕ ಕುಂತ್ರು. ನಾ ಹೊರಗ ಪಡಸಾಲ್ಯಾಗ ನಿಂತಿದ್ದೆ. ಎದುರಿಗೆ ಜೀಪು ನಿಲ್ಲೋ ಜಾಗಾ. ಅಲ್ಲೆ ಕಾಕಾ ನಿಂತಿದ್ದ, ಕೆಲಸಾ ಕೇಳಾಕ. ಒಬ್ಬ ಜೀಪಿನಾಂವ ಅವನ ಮುಂದ ತನ್ನ ಟಾಕಿ ಮುಚ್ಚಳಾ ಎರಡೂ ಕೈಲೆ ಮುಚ್ಚಿ ಹಿಡದು, "ಚಿಮಣಿ ಕಾಕಾ ಬಂದಾನ್ರೋ, ಜ್ವಾಕಿ!" ಅಂತ ನಗಾಕತ್ತಿದ್ದ. ತಿಕೋಟಾದಾಗ ಹುಟ್ಟಿದ ಹೆಸರು ಅಂವಗಿಂತ ಮೊದಲ ಬಬಲೇಶ್ವರ ಮುಟ್ಟಿತ್ತು.

ಕಾಕಾ ನನ್ನ ನೋಡಿ ರಸ್ತಾ ದಾಟಿ ಬಂದ.

"ಗಾಡಿ ಬರೊಬ್ಬರಿ ಆತೇನೋ ತಮ್ಮಾ?"

ಚುಚ್ಚು ಮಾತಲ್ಲ ಅದು. ಗಾಡಿ ಮ್ಯಾಲ ಅವಗ ಜೀವಾ ಇತ್ತು.

"ಆತು ಕಾಕಾ."

"ಚಲೋ ಆತು ಬಿಡು."

ಇಷ್ಟ. ಅಂವ ಹೋದ ಸ್ವಲ್ಪ ಹೊತ್ತಿಗೆ ಅಡತಿ ಅಂಗಡಿ ಮಾಲಕ ಒಬ್ಬಾಂವ ಬಾಯಾರ ಹತ್ತರ ಬಂದ. "ಬಾಯಾರ, ನಿಮ್ಮ ಡ್ರೈವರನ್ನ ನಮ್ಮ ಜೀಪಿಗೆ ಇಟ್ಕೋಬೇಕಂತೀನಿ. ಮಂದಿ ಏನೇನೋ ಅಂತಾರ. ಹೆಂಗ ಮನುಷ್ಯಾ?"

ಬಾಯಾರು ನನ್ನ ಕಡೆ ಕೈ ಮಾಡಿದ್ರು. "ಅವನ ಕೇಳ್ರಿ. ಕಲಬೆರಕಿ ಹಿಡದಾಂವ ಅವನ."

ಮಾಲಕ ನನ್ನ ಮುಖಾ ನೋಡಿದ. ಬಾಯಿ ತೆಗೀಬೇಕು, ಎರಡು ಮಾತು ಹೇಳಬೇಕು, ಅಷ್ಟ.

"ನನಗೇನು ಗೊತ್ರಿ," ಅಂದೆ.

"ತಿಳೀತು ತಿಳೀತು," ಅಂದ ಮಾಲಕ. ಹೋದ.

ಚಿಮಣಿ ಎಣ್ಣಿ ಅಂದಾಗ ನಾ ತಿಳೀಲಾರದ ಅಂದಿದ್ದೆ, ಹಂಗಂತ ಹೇಳ್ಕೋಬಹುದು. ಇದನ್ನ ಎಲ್ಲಾ ತಿಳದ ಅಂದೀನಿ.

ಸಂಜಿಮುಂದ ಊರ ಕಡೆ ಹೊಂಟ್ವಿ. ಗಾಡಿ ಏನು ಚಂದ ಓಡಿತಂತೀರಿ! ಬಿಕ್ಕಳಿಕಿ ಇಲ್ಲ, ನಡುಗೂದಿಲ್ಲ. ಮೈಲಿಗಲ್ಲು ಒಂದೊಂದ ಹಿಂದ ಹೋದಂಗ ನಾ ಬಿಕ್ಕಳಿಕಿಗೆ ಕಿವಿ ಕೊಡಾಕತ್ತಿದ್ದೆ. ಒಂದು ಸಲ ನಿಲ್ಲಬಾರದೇನು ಇದು ಅನಿಸ್ತು. ಬೇರೆ ಏನರ ಕೆಟ್ಟಿದ್ರ, ಖರೇನ ಬೇರೆ ಏನರ ಇದ್ರ, ನಾ ಒಂದಿಷ್ಟು ಪಾರ ಆಗ್ತಿದ್ದೆ. ನಿಲ್ಲಲಿಲ್ಲ. ಹಿಂದ ಬಾಯಾರು, "ಅಂತೂ ಹಿಡದ್ಯಲ್ಲೋ. ಶಾಣ್ಯಾ ಅದಿ," ಅಂದ್ರು.

ರಸ್ತಾದ ಮಗ್ಗಲಿಗೆ ತಗೊಂಡು ಬ್ರೇಕ್ ಹಾಕಿದೆ.

"ಮತ್ತ ನಿಂತ್ತೇನು?" ಅಂದ್ರು ಬಾಯಾರು.

"ಇಲ್ಲ ಬಾಯಾರ. ನಾ ನಿಲ್ಲಿಸೀನಿ."

ಹೇಳಿದೆ. ಅಂಟು, ವಿಭೂತಿ, ತೂತು, ಇಲ್ಲದ ಗ್ಯಾಸು, ಹಾಕಲಾರದ ಹನಿ, ಅಡತಿ ಮಾಲಕಗ ಅಂದ ಮಾತು, ಎಲ್ಲಾ. ಕನ್ನಡ್ಯಾಗ ಅವರ ಮುಖಾ ನೋಡೂ ಧೈರ್ಯ ಆಗಲಿಲ್ಲ, ಸ್ಟೇರಿಂಗ್ ನೋಡ್ಕೋತ ಹೇಳಿದೆ.

"ಕಾಕಾನ್ನ ಕೆಲಸಾದಿಂದ ತೆಗದಾಕಿ ನಾನ," ಅಂದ್ರು ಬಾಯಾರು. "ತಿರುಗಿಸು ಗಾಡಿ."

ಬಬಲೇಶ್ವರದಾಗ ಸಂತಿ ಮುಗಿಯಾಕತ್ತಿತ್ತು. ಜೀಪಿನವರು ಚೀಲಾ ಏರಸಾಕತ್ತಿದ್ರು. ಕಾಕಾ ಒಂದು ಕಲ್ಲಿನ ಮ್ಯಾಲ ಕುಂತಿದ್ದ. ಬಾಯಾರು ಮೊದಲ ಇಳದು ಕಾಕಾನ ಮುಂದ ಹೋಗಿ ನಿಂತು, "ಕಾಕಾ, ನಂದೂ ತಪ್ಪಾಗೇತಿ. ಇಂವ ಏನೋ ಹೇಳ್ತಾನಂತ, ಎಲ್ಲಾರೂ ಕೇಳ್ರಿ," ಅಂದ್ರು.

ನಾ ಹೇಳಿದೆ. ದನಿ ಸಣ್ಣ ಬಂತು. "ಜೋರ ಹೇಳಲೇ, ಮೂಸೂಮುಂದ ಹಿಂಗ ಸಣ್ಣಗ ಮೂಸಿದ್ದೇನು?" ಅಂದ ಒಬ್ಬ ಜೀಪಿನಾಂವ. ಮತ್ತ ಮೊದಲಿಂದ ಹೇಳಿದೆ.

ನಾ ಟಾಕಿ ಮುಚ್ಚಳಾ ಬಿಚ್ಚಿ ಕೊಟ್ಟೆ, ಕಾಕಾ ಇಸಗೊಂಡ. ತೂತಿನ ಸುತ್ತ ಉಳದ ವಿಭೂತಿ ಉಗರಲೆ ಕೆರದು ನೋಡಿದ. ತೂತಿನ ಮ್ಯಾಲ ಬೆರಳು ಇಟ್ಟು ಊದಿದ, ಬೆರಳು ತೆಗದು ಊದಿದ. ಆಮ್ಯಾಲ ಬಾಜೂದವನ ಕೈಗೆ ಕೊಟ್ಟ. ಅಂವ ಊದಿದ. ಹಿಂಗ ಅಲ್ಲಿದ್ದ ಅಷ್ಟೂ ಮಂದಿ ಕೈಯಾಗ ಆ ಮುಚ್ಚಳಾ ತಿರುಗಿತು, ಒಬ್ಬೊಬ್ಬನೂ ಊದಿ ನೋಡಿದ. "ಇಂಜಿನ್ನಿಗೆ ಸೀಮಂತಾ ಮಾಡೋದೊಂದು ಉಳದಿತ್ತು ನೋಡು ಮಿಸ್ತ್ರೀ," ಅಂತ ನಕ್ಕರು. ಆ ನಗಿ ನನಗ ಬಂದದ್ದು. ಬರಬೇಕಾದ್ದ.

"ನಾಳಿಂದ ಬರ್ರಿ ಕಾಕಾ," ಅಂದ್ರು ಬಾಯಾರು.

ಕಾಕಾ ಕಲ್ಲಿನ ಮ್ಯಾಲಿಂದ ಎದ್ದ. "ನೀವು ಕರದ್ರ ಬರಲಾರದ ಇರ್ತೀನೇನ್ರಿ? ಆದ್ರ ಇದು ಬಬಲೇಶ್ವರದಾಗ ಆದದ್ದಲ್ಲ. ತಿಕೋಟಾ ಬಸ್ ಸ್ಟ್ಯಾಂಡಿನ್ಯಾಗ ಆದದ್ದು. ಅಲ್ಲೂ ಹೇಳಬೇಕು."

ಮುಂದಿನ ವಾರ ತಿಕೋಟಾದಾಗ ಹೇಳಿದೆ, ಅದ ಜಾಗಾದಾಗ ನಿಂತು. ಆದ್ರ ಬಸ್ ಸ್ಟ್ಯಾಂಡ್ ನೋಡ್ರಿ ಅದು. ಅವತ್ತಿನ ಮಂದಿ ಇವತ್ತ ಎಲ್ಲಿರತಾರ? ಅವರು ಯಾವ್ಯಾವ ಊರಿಗೋ ಆ ಮಾತು ಹೊತ್ತುಕೊಂಡು ಹೋಗಿದ್ರು. ನಿಂತವರಾಗ ನಾಕು ಮಂದಿಗೆ ನೆನಪಿತ್ತು, ಉಳದವರು ಹೊಸಬ್ರು. ಚಾದ ಅಂಗಡ್ಯಾಂವ ಪೂರಾ ಕೇಳಿ, "ಹಂಗಾರ ಚಿಮಣಿ ಕಾಕಾಂದು ಏನೂ ತಪ್ಪಿಲ್ಲನ್ನು," ಅಂದ. ಒಳ್ಳೇ ಮನಸ್ಸಿಲೇ ಅಂದ. ಹೆಸರು ಮಾತ್ರ ಬಿಡಲಿಲ್ಲ.

ಕಾಕಾ ಸ್ಟೇರಿಂಗಿನ ಹಿಂದ ಕುಂತು ನನ್ನ ಕಡೆ ಹೊಳ್ಳಿ, "ಹತ್ರಿ ಮಿಸ್ತ್ರಿಯವರ, ಬಾಯಾರಿಗೆ ಹೊತ್ತಾಗತೈತಿ," ಅಂದ.

ಸಿಟ್ಟಿಲ್ಲ, ಏನಿಲ್ಲ. ಬರೇ ಮರ್ಯಾದಿ. ಆಮ್ಯಾಲ ಎಷ್ಟೋ ವರ್ಷ ಆ ಗಾಡಿ ಜೋಡಿ ಗ್ಯಾರೇಜಿಗೆ ಬಂದ, ನನ್ನ ಜೋಡಿ ಚಾ ಕುಡದ, ಚಲೋತ್ನ್ಯಾಗ ಮಾತಾಡಿದ. ಒಮ್ಮೆರ ಏಕವಚನಕ್ಕ ಬರಲಿಲ್ಲ.

ಗಾಡಿ ಕೆಟ್ಟದ್ದು ಎಲ್ಲಾರೂ ಬರೀತಾರ, ಅದನ್ನ ಬರೀಬ್ಯಾಡ್ರಿ. ನೀವು ಯಾರಿಗೆ ತಪ್ಪು ಹೊರಿಸಿದ್ರಿ, ತಿಳದ ಮ್ಯಾಲ ಹೇಳಾಕ ಎಷ್ಟ ದಿನಾ ತಗೊಂಡ್ರಿ, ಅದನ್ನ ಕೆಳಗ ಬರೀರಿ. ಹೇಳಲೇ ಇಲ್ಲಂದ್ರ ಅದನ್ನೂ ಬರೀರಿ. ನಾ ಒಂದೂ ಬಿಡದ ಓದತೀನಿ. ನಗಾಂಗಿಲ್ಲ.